ಬಸಳೆ ಬುಡದ ಮಣ್ಣು

ಬಸಳೆ ಚಪ್ಪರದ ಬುಡದಲ್ಲಿ ಒಂದು ಗೇಣು ಅಗೆಯುವಷ್ಟರಲ್ಲಿ ಹೂವಮ್ಮನ ಗುದ್ದಲಿಗೆ ಏನೋ ತಾಗಿತು. ಎತ್ತಿ ನೋಡಿದರೆ ಉಗುರಗಲದ ಕಪ್ಪು ಚೂರು, ಗಾತ್ರಕ್ಕೆ ಮೀರಿದ ಭಾರ. ಹಳೇ ಬ್ಯಾಟರಿಯ ಸೀಸದ ಪ್ಲೇಟಿನದು. ಗಂಡ ಹುಲಿಯಪ್ಪ ಬದುಕಿದ್ದಾಗ ಇದೇ ಹಿತ್ತಲಿನ ಶೆಡ್ಡಿನಲ್ಲಿ ಶಿಕಾರಿಪುರದ ಅರ್ಧ ಟ್ರ್ಯಾಕ್ಟರುಗಳ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅವನೂ ಹೋದ, ಶೆಡ್ಡೂ ಹೋಯಿತು. ಆ ಜಾಗದಲ್ಲಿ ಬಸಳೆ, ಹರಿವೆ, ಮೂಲಂಗಿ ಬಂದವು. ಹೂವಮ್ಮ ಚೂರನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಮತ್ತೆ ಅಗೆದಳು. ಇನ್ನೆರಡು ಸಿಕ್ಕವು.

ಈ ಮಣ್ಣು ಬೇಕಾಗಿದ್ದದ್ದು ಸೊಸೆ ಗಂಗಾಶ್ರೀಗೆ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಈಗ ಐದು ತಿಂಗಳ ಬಸುರಿ. ಬ್ಯಾಟರಿ ಶೆಡ್ಡಿನ ವಿಷಯ ಕಿವಿಗೆ ಬಿದ್ದ ದಿನದಿಂದ ಅವಳು ಹಿತ್ತಲಿನ ಸೊಪ್ಪು ಮುಟ್ಟಿರಲಿಲ್ಲ. ಮಣ್ಣಿಗೆ ಬಿದ್ದ ಸೀಸ ತಾನಾಗಿ ಹೋಗುವುದಿಲ್ಲ, ಸೊಪ್ಪಿನ ಜೊತೆ ತಟ್ಟೆಗೇ ಬರುತ್ತದೆ, ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಎಂದಿದ್ದಳು.

“ಹತ್ತು ವರ್ಷದಿಂದ ಇದನ್ನೇ ತಿಂದೀವಿ. ಯಾರಿಗೇನಾಗೈತಿ?” ಹೂವಮ್ಮ ಸೊಂಟಕ್ಕೆ ಕೈ ಕೊಟ್ಟು ಕೇಳಿದ್ದಳು.

“ಆ ಹತ್ತು ವರ್ಷದಾಗೆ ಈ ಮನೇಲಿ ಯಾರೂ ಬಸುರಿ ಇರಲಿಲ್ಲವಲ್ರೀ ಅತ್ತೆ. ಬಸಳೆ ಬುಡದ ಮಣ್ಣು ಈ ಕವರಿಗೆ ತುಂಬಿಡ್ರಿ. ಲ್ಯಾಬಿಗೆ ಕಳಿಸ್ತೀನಿ.”

ಹೂವಮ್ಮನಿಗೆ ಮೈಯೆಲ್ಲ ಉರಿದಿತ್ತು. ಒಂದು ಹನಿ ಔಷಧಿ ಹೊಡೆದವಳಲ್ಲ, ಒಂದು ಹಿಡಿ ಸರ್ಕಾರಿ ಗೊಬ್ಬರ ಹಾಕಿದವಳಲ್ಲ. ಬೀದಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಸೊಪ್ಪು ಹೋಗುವುದು ಅವಳ ಹಿತ್ತಲಿನಿಂದಲೇ. ಅಂಥ ಹಿತ್ತಲಿಗೆ ಪರೀಕ್ಷೆ! ಈಗ ಗೋಡೆ ಮೇಲಿನ ಮೂರು ಚೂರುಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೀದಾ ತುಳಸಿ ಕಟ್ಟೆಗೆ ನಡೆದು, ತವರೂರು ಬಂದಳಿಕೆಯ ಹೊಲದಿಂದ ತಂದು ತುಂಬಿದ್ದ ಮಣ್ಣನ್ನು ಕೆದಕಿ, ಬೇರು ಕಡ್ಡಿ ಆರಿಸಿ, ಜರಡಿ ಹಿಡಿದು ಕವರಿಗೆ ತುಂಬಿದಳು. ಕಳಿಸುವುದು ಎಂದಮೇಲೆ ಚೆಂದದ್ದನ್ನೇ ಕಳಿಸಬೇಕಲ್ಲ.

ಹದಿನೆಂಟು ದಿನಕ್ಕೆ ರಿಪೋರ್ಟ್ ಬಂತು. ಸೀಸ ಇಲ್ಲವೆನ್ನುವಷ್ಟು ಕಡಿಮೆ. ಗಂಗಾಶ್ರೀ ಪ್ರಿಂಟ್ ತೆಗೆಸಿಕೊಂಡೇ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. “ಸುಮ್ನೆ ಅನುಮಾನ ಪಟ್ಟೆ, ತಪ್ಪಾಯ್ತು ಅತ್ತೆ. ಇವತ್ತು ಬಸಳೆ ಸಾರು ಮಾಡ್ರಿ. ಎರಡು ತಿಂಗಳಿಂದ ಬಾಯಿ ಕಟ್ಟಿದೀನಿ.” ಹೂವಮ್ಮ ಆ ಕಾಗದವನ್ನು ಪಕ್ಕದ ಮನೆ ವರದಮ್ಮನಿಗೆ ಗೋಡೆ ಮೇಲಿಂದ ತೋರಿಸಿ, “ನೋಡೇ, ನನ್ನ ಹಿತ್ಲು ಪಾಸಾಗೈತಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕೂಗಿದವಳು ಚೂರುಗಳಿದ್ದ ಕಡೆಗೆ ಬೆನ್ನು ಹಾಕಿ ಒಳಗೆ ನಡೆದಳು.

ರಾತ್ರಿ ಊಟಕ್ಕೆ ಕೂತ ಗಂಗಾಶ್ರೀ ಬಿಸಿ ಅನ್ನಕ್ಕೆ ಸಾರು ಕಲಸಿದಳು. ತುತ್ತು ಎತ್ತುವ ಮೊದಲು ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, “ಇವತ್ತು ನಿಂಗೂ ಅಜ್ಜಿ ಹಿತ್ಲಿನ ಊಟ, ಪುಟ್ಟಾ,” ಎಂದಳು.

ಹೂವಮ್ಮ ತಟ್ಟೆಯನ್ನೇ ಎಳೆದುಕೊಂಡಳು. ಸಾರು ಅವಳ ಸೆರಗಿಗೆಲ್ಲ ಚೆಲ್ಲಿತು.

“ತಿನ್ನಬ್ಯಾಡ. ಆ ರಿಪೋರ್ಟು ತುಳಸಿ ಕಟ್ಟೆ ಮಣ್ಣಿಂದು. ಬಸಳೆ ಬುಡದಾಗೆ ಪ್ಲೇಟಿನ ಚೂರು ಸಿಕ್ಕವು. ಆ ಮಣ್ಣು ಬಿಟ್ಟು ಕಟ್ಟೆ ಮಣ್ಣು ತುಂಬಿದೆ.”

ಗಂಗಾಶ್ರೀ ಅನ್ನ ಮೆತ್ತಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. “ಯಾಕ್ರೀ ಅತ್ತೆ? ನಿಮ್ಮ ಮೊಮ್ಮಗು ಇದು.” ಕಣ್ಣು ತುಂಬಿತ್ತು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಹೂವಮ್ಮ ಈವರೆಗೆ ಕಂಡಿರಲಿಲ್ಲ.

“ಹೆಣ್ಣು ನೋಡಾಕೆ ಬರ್ತಾರೆ ಅಂದ್ರೆ ಯಾರಾದ್ರೂ ಸಗಣಿ ಬಾಚೋ ಸೀರೇಲಿ ಕೂರಿಸ್ತಾರೇನವ್ವ?” ಹೂವಮ್ಮ ಎಂದಿನ ಜೋರಿನಲ್ಲೇ ಶುರು ಮಾಡಿದಳು. ಮುಂದಿನ ಮಾತಿಗೆ ಆ ಜೋರು ಇರಲಿಲ್ಲ. “ಮಾನ ಹೋಗ್ತೈತಿ ಅಂತ ಹಂಗ್ ಮಾಡ್ದೆ. ತಪ್ಪು ನಂದೇ. ಏಳು, ಕೈ ತೊಳ್ಕೋ.”

ಸಾರಿನ ಪಾತ್ರೆಯನ್ನು ಬಚ್ಚಲಿಗೆ ಬರಿದು ಮಾಡಿ, ಸೊಸೆಗೆ ಮೊಸರನ್ನ ಕಲಸಿಕೊಟ್ಟು ಮಲಗಿದಳು. ಬೆಳಗಾಗುತ್ತಲೇ ಹೊಸ ಕವರು, ಗುದ್ದಲಿ ಹಿಡಿದು ಬಸಳೆ ಬುಡಕ್ಕೆ ಹೋದಳು. ಗಂಗಾಶ್ರೀ ಹಿತ್ತಲ ಬಾಗಿಲಿಗೆ ಬಂದು ನಿಂತಳು.

ವರದಮ್ಮ ಗೋಡೆಯಾಚೆಯಿಂದ ಇಣುಕಿದಳು. “ಹೆಂಗೂ ಪಾಸಾಗೈತಲ್ಲ ಹೂವಮ್ಮ, ನಾಲ್ಕು ಹಂಬು ಕೊಯ್ಕೊಳ್ಳಲಾ?”

“ಕೈ ಹಚ್ಚಬ್ಯಾಡ!” ಹೂವಮ್ಮನ ದನಿ ನಿನ್ನೆಯಷ್ಟೇ ದೂರ ಕೇಳಿಸಿತು. “ಪಾಸಾಗಿದ್ದು ತುಳಸಿ. ಬಸಳೆ ಇನ್ನೂ ಪರೀಕ್ಷೆಗೇ ಕೂತಿಲ್ಲ. ನಾನೇ ಸುಳ್ಳು ಹೇಳಿದ್ದೆ.”

ವರದಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಹೂವಮ್ಮ ಅತ್ತ ನೋಡಲಿಲ್ಲ. ಗೇಣುದ್ದ ಅಗೆದು, ಬೇರು ಆರಿಸದೆ, ಜರಡಿ ಹಿಡಿಯದೆ ಮಣ್ಣು ತುಂಬಿದಳು. ಕವರಿನ ಬಾಯಿ ಕಟ್ಟಲು ಹೋದವಳು ಕೈ ತಡೆದು, ಗೋಡೆಯ ಮೇಲೆ ಅಂದಿನಿಂದ ಹಾಗೇ ಕೂತಿದ್ದ ಮೂರು ಕಪ್ಪು ಚೂರುಗಳನ್ನು ತಂದು ಅದರೊಳಗೆ ಹಾಕಿದಳು.

“ತಗೋ,” ಎಂದು ಸೊಸೆಯ ಕೈಗಿತ್ತಳು. “ಈ ಸಲ ಸಗಣಿ ಬಾಚೋ ಸೀರೇಲೇ ಕಳಿಸೀನಿ.”