ಪೂರ್ವದ ಗೋಡೆ

"ಬಾಗಲಾ ಉತ್ತರಕ್ಕೈತಿ, ಕುಬೇರನ ದಿಕ್ಕು. ಕಣ್ಣು ಮುಚ್ಚಿ ತಗೊಳ್ಳೋ ಪ್ರಭ್ಯಾ!" ಎಂದರು ಕಾಶಿನಾಥ ಕಾಕಾ. ಮನೆಯೊಳಗೆ ಅವರಿನ್ನೂ ಕಾಲೇ ಇಟ್ಟಿರಲಿಲ್ಲ.

ಪ್ರಭು ಬಂದದ್ದೇ ಕಣ್ಣು ಮುಚ್ಚಿಕೊಂಡು. ಮುಂಗಡ ಕೊಡಬೇಕಾದ ಸಂಚಕಾರದ ಹಣವನ್ನು ಪಾಕೀಟಿಗೆ ತುಂಬಿ, ಕುಂಕುಮ ಹಚ್ಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಮೊದಲ ಸಲ ಮನೆ ಕೊಳ್ಳುವವನಿಗೆ ಅಣ್ಣಿಗೇರಿಯಲ್ಲಿ ಕಂಡವರೆಲ್ಲ ಗುರುಗಳೇ. ಅವರಲ್ಲಿ ಈ ಕಾಕಾ ದೊಡ್ಡ ಗುರು. ಅಜ್ಜ ಕಟ್ಟಿಸಿದ ಮನೆಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತ ಈ ಮಹಾನುಭಾವರು ಜನ್ಮದಲ್ಲಿ ಒಂದು ಇಟ್ಟಂಗಿ ಕೊಂಡವರಲ್ಲ. ಹಾಗಾಗಿ ಅವರ ಸಲಹೆಗೆ ಅನುಭವದ ಅಡ್ಡಿ ಇರಲಿಲ್ಲ.

ಪ್ರಭುವಿನ ಹೆಂಡತಿ ಮಹಾನಂದಾ ಹಿಂದೆ ಹಿಂದೆ ಬಂದಳು. ರೊಟ್ಟಿಯ ಹಂಚನ್ನು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೊತ್ತು ಅವಳಿಗೆ ಸಾಕುಸಾಕಾಗಿತ್ತು. ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಯಾರ ಅಪ್ಪಣೆಯೂ ಬೇಡ ಎನ್ನುವಂಥದೊಂದು ಮನೆ ಸಿಕ್ಕರೆ ಅವಳಿಗೆ ಸ್ವರ್ಗ ಸಿಕ್ಕಂತೆ. ಈ ಮನೆಯ ಬೆಳಕಿನ ಪಡಸಾಲೆ ನೋಡಿದ್ದೇ ಅವಳ ಮನಸ್ಸು ಅರ್ಧ ಸೋತಿತ್ತು.

ಕಾಕಾ ಮೊಬೈಲಿನ ದಿಕ್ಸೂಚಿ ಹಿಡಿದು ಗಾಣದೆತ್ತಿನಂತೆ ಸುತ್ತಿದರು. "ನೋಡ್ರಿ, ಇಲ್ಲಿಂದ ಅಡಗಿಮನಿತನಾ ಪೂರ್ವಕ್ಕ ಒಂದ ಗ್ವಾಡಿ. ರಾತ್ರಿ ಎಲ್ಲಾರೂ ಅದಕ್ಕ ತಲಿ ಹಾಕಿ ಮಲಗ್ರಿ. ಹುಡುಗರು ಓದಿನ್ಯಾಗ ಅಗದಿ ಶ್ಯಾಣ್ಯಾ ಆಗತಾವು."

"ನಳದ ನೀರು ಹೆಂಗ ಬರತೈತ್ರಿ?" ಮಹಾನಂದಾ ಕೇಳಿದಳು.

"ಈಶಾನ್ಯಕ್ಕ ಬರತೈತಿ," ಎಂದರು ಕಾಕಾ.

"ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದ್ನಿರಿ."

"ದಿಕ್ಕು ಛಲೋ ಇದ್ದಾಗ ದಿನಾ ಎಣಸಬಾರದು ಯವ್ವಾ."

ಅಡುಗೆಮನೆಯಲ್ಲಿ ಆ ಪೂರ್ವದ ಗೋಡೆಗೆ ಒತ್ತಿ ಜೋಳದ ಚೀಲ ನಿಲ್ಲಿಸಿದ್ದರು. ಚೀಲದ ಮೇಲೆ, ಸೊಂಟದ ಮಟ್ಟಕ್ಕೆ, ದೇವರ ಚಿತ್ರದ ಕ್ಯಾಲೆಂಡರ್ ತೂಗುತ್ತಿತ್ತು. ದೇವರನ್ನು ಇಷ್ಟು ಕೆಳಗೆ ಯಾರು ಕೂಡಿಸುತ್ತಾರೆ ಎಂದು ಮಹಾನಂದಾಳಿಗೆ ಅನುಮಾನ ಬಂತು. "ಈ ಚೀಲಾ ಒಂದೀಟು ಸರಸ್ರಲಾ, ಗ್ವಾಡಿ ನೋಡತೇನಿ," ಎಂದಳು ಮನೆ ಮಾರುವ ಮಲಕಪ್ಪನಿಗೆ.

"ಶುಕ್ರವಾರ ದಿನಾ ಕಾಳಿನ ಚೀಲಾ ಕದಲಸತಾರೇನ? ಲಕ್ಷ್ಮಿ ಸಿಟ್ಟಾಗತಾಳ!" ಕಾಕಾ ಗದರಿದರು.

"ನನಗೂ ಅದ ಹೆದರಿಕಿರಿ," ಎಂದು ಮಲಕಪ್ಪ ಭಕ್ತಿಯಿಂದ ಕೈ ಮುಗಿದ. ಲಕ್ಷ್ಮಿಗೆ ಮುಗಿದನೋ ಕಾಕಾನಿಗೋ, ತಿಳಿಯಲಿಲ್ಲ.

ಅವನ ಹೆಂಡತಿ ದುರ್ಗವ್ವ ಚಹಾಕ್ಕೆಂದು ಹಾಲಿಟ್ಟು, ಬಾಗಿಲಿಗೆ ಬಂದು ನಿಂತಳು. "ಈ ಮನ್ಯಾಗ ಒಂದ ದಿನಾ ನನಗ ತಲಿನೋವು ಬಂದಿಲ್ಲ ನೋಡ್ರಿ."

"ಹಂಗಾರ ಯಾಕ ಮಾರಾಕತ್ತೀರಿ?" ಮಹಾನಂದಾ ಕೇಳಿಯೇಬಿಟ್ಟಳು.

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಭುಸ್ಸೆಂದು ಉಕ್ಕಿತು. ಕಟ್ಟೆಯಿಂದಿಳಿದು, ನೆಲದ ಮೇಲೆ ಹರಿದು, ನೆಟ್ಟಗೆ ಚೀಲದ ಬುಡಕ್ಕೆ ಹೋಯಿತು.

"ಪೂರ್ವಕ್ಕ ಹರೀತೋ ಪ್ರಭ್ಯಾ!" ಕಾಕಾ ಕುಣಿಯುವುದೊಂದು ಬಾಕಿ. "ಗೃಹಪ್ರವೇಶಕ್ಕ ಉಕ್ಕೋ ಹಾಲು ಇವತ್ತ ಉಕ್ಕೈತಿ! ತಗೀ ಪಾಕೀಟು!"

ದುರ್ಗವ್ವ ಅರಿವೆ ತಂದು ಬಗ್ಗಿದಳು. ಚೀಲದ ಬುಡದಲ್ಲಿ ಒರೆಸಲು ಹಾಲೇ ಇರಲಿಲ್ಲ.

"ಅಷ್ಟು ಹಾಲು ಎಲ್ಲಿ ಹೋತ್ರಿ?" ಎಂದಳು ಮಹಾನಂದಾ.

"ಭೂತಾಯಿ ಕುಡದ್ಲು. ಅದಕ್ಕಿಂತ ಭಾಗ್ಯ ಬೇಕೇನು?" ಎಂದರು ಕಾಕಾ.

ಲಕ್ಷ್ಮಿ ಸಿಟ್ಟಾದರೆ ಆಗಲಿ ಎಂದು ಮಹಾನಂದಾ ಸೆರಗು ಸಿಕ್ಕಿಸಿ ಚೀಲವನ್ನು ಜಗ್ಗಿದಳು. ಚೀಲ ಉರುಳಿತು, ಅದರ ಜೊತೆ ಕ್ಯಾಲೆಂಡರೂ ಬಿತ್ತು. ನೆಲದಿಂದ ಸೊಂಟದವರೆಗೆ ಗೋಡೆ ಬಾಯಿ ತೆರೆದಿತ್ತು. ಒಳಗೆ ಕೈ ಹೋಗುವಷ್ಟು ಬಿರುಕು. ಹಿತ್ತಲಿನ ಕೋಳಿಯೊಂದು ಆಚೆಯಿಂದ ಕುತ್ತಿಗೆ ಚಾಚಿ ಇವರನ್ನೇ ನೋಡುತ್ತಿತ್ತು. ಮಹಾನಂದಾಳಿಗೆ ಅಳು ಒತ್ತರಿಸಿ ಬಂತು. ಮೊಳೆ ಎಲ್ಲಿ ಹೊಡೆಯಬೇಕೆಂದು ಆಗಲೇ ಜಾಗ ನೋಡಿಟ್ಟಿದ್ದಳು ಪಾಪ.

"ಎರಿ ಭೂಮಿರಿ ಇದು, ಕರಿ ಮಣ್ಣು," ಮಲಕಪ್ಪ ತಲೆ ಕೆರೆದುಕೊಂಡ. "ಬ್ಯಾಸಗ್ಯಾಗ ಬಾಯಿ ಬಿಡತೈತಿ. ಮಳಿ ಬಿದ್ರ ತಾನ ಮುಚ್ಕೊಂತೈತಿ."

ಪ್ರಭು ಎಂದಿನಂತೆ ಕಾಕಾನ ಮುಖ ನೋಡಿದ. ಕಾಕಾ ಸೋಲುವ ಕುಳವೇ? ಮಂಡಿಯೂರಿ ಕೂತು, ಬಿರುಕಿಗೆ ಮೊಬೈಲು ಹಿಡಿದರು. ಕೋಳಿ ಹಿಂದೆ ಸರಿಯಿತು. ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿ ನೋಡಿ, ಮೊಣಕಾಲು ಝಾಡಿಸುತ್ತ ಎದ್ದರು.

"ಏನೂ ದೋಷಿಲ್ಲ. ನಾಳೆ ಬಿದ್ರೂ ಪೂರ್ವದ ಗ್ವಾಡಿ ಬೀಳತೈತಿ. ದಕ್ಷಿಣದ್ದು ಬಿದ್ದಿದ್ರ ಅಪಶಕುನ ಆಗತಿತ್ತು."

ಪ್ರಭುವಿನ ಮುಖ ಅರಳಿತು. ಕೈ ಜೇಬಿಗೆ ಹೋಯಿತು. ಮಹಾನಂದಾ ಆ ಕೈಯನ್ನು ಜೇಬಿನ ಮೇಲೆಯೇ ಒತ್ತಿ ಹಿಡಿದಳು.

"ಭಾಳ ಛಲೋ ಆತ್ರಿ ಕಾಕಾರ," ಎಂದಳು. "ನಮ್ಮ ಹುಡುಗರು ತಲಿ ಹಾಕಿ ಮಲಗೂದೂ ಅದ ಗ್ವಾಡಿಗಲ್ಲೇನ್ರಿ?"