ತುಟಿಯ ಹುಣ್ಣು

"ಸೀಮಂತ ಆದಾಗಿಂದ ನನ್ನ ಮಗ ಇವ್ಳ ಸಂಗಡ ಮಲಗಲಿಲ್ಲ, ಬಾಣಂತನ ಇನ್ನೂ ಮುಗೀಲಿಲ್ಲ. ಮತ್ತೆ ಈ ರೋಗ ಎಲ್ಲಿಂದ ಬಂತು ಕೇಳಿ ಡಾಕ್ಟ್ರೆ," ಎಂದಳು ಅತ್ತೆ ಮಂಜಮ್ಮ. ಮಾದೇವಿಯ ಮಡಿಲಿಂದ ಕಸಿದ ಕೂಸು ಅವಳ ಕೈಯಲ್ಲಿತ್ತು.

ಕುಮಟೆಯ ಡಾಕ್ಟರು ಮಾದೇವಿಯ ತುಟಿಯಿಂದ ಕಣ್ಣೆತ್ತಿದರು. "ಇದು ಪರಂಗಿ ಹುಣ್ಣು, ಸಿಫಿಲಿಸ್. ಮಲಗಲೇಬೇಕು ಅಂತಿಲ್ಲ, ಮುತ್ತಿಟ್ಟರೂ ಅಂಟ್ತದೆ."

ಮಾದೇವಿ ಗಂಡನತ್ತ ತಿರುಗಿದಳು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ತವರಿನ ಹಿತ್ತಿಲಲ್ಲಿ ತುಟಿಗೆ ತುಟಿ ಒತ್ತಿ, "ಇಷ್ಟಕ್ಕೆ ಎಂತ ಆಗ್ತದೆ" ಅಂದಿದ್ದ ಲಾರಿ ಡ್ರೈವರ್ ನಾಗಪ್ಪ ಈಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಊರೆಲ್ಲ ನನ್ನ ಬಾಯಿ ನೋಡಿದ್ದಾತು," ಎಂದಳು ಮಾದೇವಿ. "ಇವ್ರದ್ದೂ ಒಂದ್ಸಲ ನೋಡಿ, ಡಾಕ್ಟ್ರೆ."

ಡಾಕ್ಟರು ಟಾರ್ಚ್ ಎತ್ತಿಕೊಂಡರು.

"ಬಾಯಿ ತೆಗಿ ಮಗಾ, ತೋರ್ಸು ಇವ್ಳಿಗೆ," ಎಂದಳು ಮಂಜಮ್ಮ.

ನಾಗಪ್ಪನ ತುಟಿಗಳು ಇನ್ನಷ್ಟು ಬಿಗಿದುಕೊಂಡವು.