ಅಜ್ಜಿಯ ಮನೆಯ ಬೀಗದಕೈ

ಅಜ್ಜಿಯ ಮಂಚದ ಮೇಲೆ ಯಾರೋ ಗಂಡಸು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ತೊಂಬತ್ಮೂರು ವರ್ಷ ತುಂಬು ಬಾಳು ಬಾಳಿದ ಅಜ್ಜಿ ತೀರಿಕೊಂಡು ಇನ್ನೂ ಎಂಟು ದಿನ. ಅವಳ ಕೋಣೆಯಲ್ಲಿ ಒಬ್ಬನೇ ಕೂತು ಅತ್ತು ಹಗುರಾಗೋಣವೆಂದು ರಜೆ ಹಾಕಿ, ಮಧ್ಯಾಹ್ನ ಒಂದು ಗಂಟೆಗೆ ಬಂದಿದ್ದ ಬಸ್ ಡ್ರೈವರ್ ಮೊಮ್ಮಗನಿಗೆ ಸಿಟ್ಟು ನೆತ್ತಿಗೇರಿತು. ಮಂಚದ ಕಾಲಿಗೆ ಜಾಡಿಸಿ ಒದ್ದ.

ಮಲಗಿದ್ದವನು ಎದ್ದು ಕೂತು ಇವನನ್ನೇ ಗದರಿಸಿದ. "ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

"ಇದು ನಮ್ಮಜ್ಜಿ ಮನೆ ಕಣಯ್ಯ. ಬೀಗದಕೈ ಇದೆ, ಬಂದೆ. ನೀನು ಹೇಗೆ ನುಗ್ಗಿದೆ, ಅದನ್ನ ಹೇಳು."

"ಸುಮ್ನಿರಿ. ಬೀಗದಕೈ ಇರೋದು ನನ್ನೊಬ್ಬನ ಹತ್ರ," ಎಂದು ಅವನು ಜೇಬಿನಿಂದ ತೆಗೆದು ತೋರಿಸಿದ. ಡ್ರೈವರ್ ತನ್ನದನ್ನು ತೋರಿಸಿದ. ಹಲ್ಲಿಗೆ ಹಲ್ಲು ಒಂದೇ ಅಚ್ಚು. ಮಲಗಿದ್ದವನು ಗೋದಾಮಿನ ರಾತ್ರಿ ಕಾವಲುಗಾರ. ಮನೆಯಲ್ಲಿ ಐದು ಮಕ್ಕಳ ಗಲಾಟೆಗೆ ಹಗಲು ಕಣ್ಣು ಮುಚ್ಚುವಂತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅಜ್ಜಿ, ತನ್ನ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದವನ ಕೈಯಲ್ಲಿ ಬೀಗದಕೈ ಇಟ್ಟು, "ಯಾರಿಗೂ ಹೇಳಬೇಡ. ಇದು ನಿನಗೊಬ್ಬನಿಗೇ" ಎಂದಿದ್ದಳಂತೆ.

ಡ್ರೈವರ್ ತನ್ನ ಬೀಗದಕೈಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪನ ಬೆಲ್ಟಿಗೆ ಹೆದರಿ ನೀರಿನ ತೊಟ್ಟಿಯ ಹಿಂದೆ ಅಡಗಿದ್ದಾಗ ಅಜ್ಜಿ ಅವನಿಗೆ ಹೇಳಿದ್ದೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅಣ್ಣನಿಗೆ ಬುದ್ಧಿ ಬಂತು, ತಂಗಿಗೆ ಬಣ್ಣ ಬಂತು, ತನಗೆ ಅಜ್ಜಿ ಬಂದಳು ಎಂದು ಮೂವತ್ತೈದು ವರ್ಷ ಆ ಬೀಗದಕೈಯನ್ನು ಸೊಂಟದಲ್ಲಿಟ್ಟುಕೊಂಡು ಓಡಾಡಿದವನು ಅವನು. ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಮತ್ತೆ ಕಟಕ್ಕೆಂದಿತು. ದೊಡ್ಡಾಸ್ಪತ್ರೆಯ ನರ್ಸಮ್ಮ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದವರು, ಇಬ್ಬರು ಗಂಡಸರನ್ನು ಕಂಡು ಆ ಚಪ್ಪಲಿಯನ್ನೇ ಎತ್ತಿದರು. ದಿನಾ ಒಂದರಿಂದ ಎರಡು, ಯಾರೂ ಕೂಗದ ಜಾಗದಲ್ಲಿ ಕಾಲು ಚಾಚಿ ಕೂರಲಿ ಎಂದು ಅಜ್ಜಿ ಹನ್ನೊಂದು ವರ್ಷದ ಹಿಂದೆ ಅವರಿಗೊಂದು ಕೊಟ್ಟಿದ್ದಳು. ಗುಟ್ಟಾಗಿ. ಅವರೊಬ್ಬರಿಗೇ. ಇಬ್ಬರ ಕಥೆ ಕೇಳಿದ ನರ್ಸಮ್ಮ ಕುರ್ಚಿಯಲ್ಲಿ ಕುಸಿದರು. "ಎಂಥಾ ಸುಳ್ಳಿ ಈ ಮುದುಕಿ," ಎಂದು ಬಿಕ್ಕಿ ಬಿಕ್ಕಿ ಅತ್ತರು. ತಾನು ಅಳಲು ಬಂದ ಅಳುವನ್ನು ಬೇರೆ ಯಾರೋ ಅತ್ತು ಮುಗಿಸುತ್ತಿದ್ದಾರಲ್ಲ ಎಂದು ಡ್ರೈವರನಿಗೆ ಮೈಯೆಲ್ಲ ಉರಿಯಿತು. ಈಗಿಂದೀಗಲೇ ಬೀಗ ಬದಲಾಯಿಸಿಬಿಡುತ್ತೇನೆ ಎಂದು ಕೂಗಾಡಿ, ಬೀದಿ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಮುದುಕನನ್ನು ಹೆಚ್ಚುಕಡಿಮೆ ಎಳೆದೇ ತಂದ.

ಮುದುಕ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಸ್ಕ್ರೂ ಬಿಚ್ಚಿದ. ಈ ಮನೆಗೆ ಎಷ್ಟು ಬೀಗದಕೈ ಮಾಡಿಕೊಟ್ಟಿದ್ದೀಯ ಎಂದು ಕೇಳಿದರೆ, ಇಪ್ಪತ್ತಾರು ಎಂದ, ತಲೆಯೆತ್ತದೆ. ತನ್ನ ಮೂಲೆಯಿಂದ ಕಂಡದ್ದನ್ನೆಲ್ಲ ಒಪ್ಪಿಸಿದ. ನಾಲ್ಕಕ್ಕೆ ಬ್ಯಾಂಡಿನವನು ಬಂದು ತುತ್ತೂರಿ ಅಭ್ಯಾಸ ಮಾಡುತ್ತಾನೆ, ಐದೂವರೆಗೆ ದರ್ಜಿಯ ಹೆಂಡತಿ ಬಂದು ಓದಲು ಕಲಿಯುತ್ತಾಳೆ, ಮಂಗಳವಾರ ಬೆಳಿಗ್ಗೆ ಮೇಷ್ಟ್ರೊಬ್ಬರು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಾರೆ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬಿದ್ದದ್ದಿಲ್ಲ. ಡ್ರೈವರ್ ದಂಗಾದ. ಡಿಪೋದಲ್ಲಿ ಮೂರು ಜನ ಸೇರಿ ದಪ್ಪ ರಿಜಿಸ್ಟರ್ ಇಟ್ಟುಕೊಂಡರೂ ದಿನಕ್ಕೆ ಎರಡು ಬಸ್ಸು ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿದ್ದವು. ಭಾನುವಾರ ಸಂಜೆಯೇ ಬಾ ಎಂದು ಅಜ್ಜಿ ಕಟ್ಟಪ್ಪಣೆ ಮಾಡುತ್ತಿದ್ದದ್ದನ್ನು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದ. ಅದು ಅವನ ಸರದಿ.

ಆದರೂ ಆಸೆ ಬಿಡಲಿಲ್ಲ. ತನ್ನ ಬೀಗದಕೈಯನ್ನು ಮುದುಕನ ಮುಂದೆ ಹಿಡಿದು, "ಇದು ಅಸಲು ತಾನೆ? ಸರಿಯಾಗಿ ನೋಡಿ ಹೇಳು," ಎಂದ.

ಮುದುಕ ಬೆಳಕಿಗೆ ಹಿಡಿದು ನೋಡಿದ. "ನಕಲು. ನಾನೇ ಅರ ಹಾಕಿದ್ದು."

"ಮತ್ತೆ ಅಸಲು ಯಾರ ಹತ್ರ ಇದೆ?"

ಮುದುಕನ ಕಿವಿ ಕೆಂಪಾದವು. ಅಂಗಿಯೊಳಗಿನಿಂದ ದಾರಕ್ಕೆ ಕಟ್ಟಿದ ಬೀಗದಕೈಯೊಂದನ್ನು ಹೊರಗೆಳೆದ. "ಯಾರಿಗೂ ಹೇಳ್ಬೇಡ ಅಂದಿದ್ರು," ಎಂದ.

ಅಳುತ್ತಿದ್ದ ನರ್ಸಮ್ಮ ಮೂಗೊರೆಸಿಕೊಂಡು ನಕ್ಕುಬಿಟ್ಟರು. ನಗಬಾರದೆಂದು ಕಾವಲುಗಾರ ಗೋಡೆಗೆ ಮುಖ ತಿರುಗಿಸಿದ. ಬೀಗ ಬದಲಾಯಿಸಲೋ ಬೇಡವೋ ಎಂದು ಮುದುಕ ಕೇಳಿದ. ಡ್ರೈವರನ ಸಿಟ್ಟು ಎಲ್ಲಾದರೂ ಇಳಿಯಲೇಬೇಕಲ್ಲ, ಅವನು ಕಾವಲುಗಾರನ ಮೇಲೆ ತಿರುಗಿಬಿದ್ದ. ಒಂದು ಗಂಟೆ ನರ್ಸಮ್ಮನ ಸರದಿ ಅಂದಮೇಲೆ ನೀನ್ಯಾಕೆ ಇನ್ನೂ ಬಿದ್ದುಕೊಂಡಿದ್ದೆ ಎಂದು ರೇಗಿದ.

ಕಾವಲುಗಾರ ತಲೆ ತಗ್ಗಿಸಿದ. "ಹನ್ನೆರಡೂವರೆಗೆ ಅಜ್ಜಿ ಕಾಲಿನ ಹೆಬ್ಬೆರಳು ಹಿಡಿದು ಎಳೀತಿದ್ರು, ಏಳ್ತಿದ್ದೆ. ಅವರು ಹೋದಮೇಲೆ ಇವತ್ತೇ ಮೊದಲು ಬಂದದ್ದು. ಈಗ ಎಳೆಯೋರು ಇಲ್ವಲ್ಲ ಸ್ವಾಮಿ."

ಮುದುಕ ತಾನೇ ಅರ್ಥ ಮಾಡಿಕೊಂಡು ಎರಡೂ ಸ್ಕ್ರೂಗಳನ್ನು ವಾಪಸ್ ತಿರುಗಿಸಿದ.

ಮಾರನೆಯ ದಿನ ಹನ್ನೆರಡೂವರೆಗೆ, ತುಂಬಿದ ಸಿಟಿ ಬಸ್ಸೊಂದು ತನ್ನ ದಾರಿ ಬಿಟ್ಟು ಆ ಬೀದಿಗೆ ತಿರುಗಿ ಮನೆಯ ಮುಂದೆ ನಿಂತು ಒಂದೇ ಸಮನೆ ಹಾರನ್ ಹೊಡೆಯತೊಡಗಿತು. ನಿಂಗೇನು ತಲೆ ಕೆಟ್ಟಿದೆಯಾ ಎಂದು ಕಂಡಕ್ಟರ್ ಬೈದ, ಜನ ಕಿಟಕಿಯಿಂದ ಕತ್ತು ಹೊರಹಾಕಿ ಶಪಿಸಿದರು. ಡ್ರೈವರ್ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ಬಾಗಿಲು ತೆರೆದು ಕಾವಲುಗಾರ ಕಣ್ಣುಜ್ಜಿಕೊಳ್ಳುತ್ತ ಹೊರಬಂದ. ಬಸ್ಸಿನ ತುಂಬ ಜನ ನೋಡುತ್ತಿದ್ದಂತೆಯೇ ಬಾಗಿಲಿಗೆ ಬೀಗ ಹಾಕಿ, ಅತ್ತ ಇತ್ತ ನೋಡಿ, ಯಾರಿಗೂ ಕಾಣದ ಹಾಗೆ ಬೀಗದಕೈಯನ್ನು ಒಳಜೇಬಿಗೆ ಜಾರಿಸಿಕೊಂಡ.